ಎರಡು ಪೀಠದ ಶನಿವಾರಗಳು

ಮೂಲೆಮನೆಯವರು ಬರುವ ತನಕ ಶನಿವಾರದ ಸಂಜೆ ನಮ್ಮ ಮನೆಯದಾಗಿತ್ತು.

ಐವತ್ತರ ದಶಕದ ರಾಜಾಜಿನಗರ ಅದು. ಸೈಟುಗಳಿಗೆ ಕಲ್ಲು ನೆಟ್ಟಾಗಿತ್ತು, ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು. ನಮ್ಮ ಹಿತ್ತಿಲಿನಿಂದಾಚೆಗೆ ರಾಗಿ ಹೊಲ. ನನ್ನ ಗಂಡ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಸುತ್ತಮುತ್ತ ಇದ್ದ ಕ್ರೈಸ್ತ ಮನೆಗಳು ಕೆಲವೇ. ಚರ್ಚಿಗೆ ಹೋಗಬೇಕೆಂದರೆ ಬಸ್ಸು ಹಿಡಿದು ಪೇಟೆಯ ಕಡೆ ಹೋಗಬೇಕಿತ್ತು. ಅದಕ್ಕೇ ವಾರಕ್ಕೊಮ್ಮೆ ನಮ್ಮ ನಡುಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದೆವು.

ಪ್ರಾರ್ಥನೆಯ ಜೊತೆಗೆ ಚರಿತ್ರೆಯ ಪಾಠ ಸೇರಿಕೊಂಡದ್ದು ನನ್ನಿಂದಲೇ. ಒಂದು ದಿನ ಬೀದಿ ನಲ್ಲಿಯ ಹತ್ತಿರ ಪಕ್ಕದ ಸಾಲಿನ ಹೆಂಗಸು ಕೊಡ ಎತ್ತಿಕೊಳ್ಳುತ್ತಾ, "ದೊರೆಗಳೆಲ್ಲ ಅವರೂರಿಗೆ ಹೋದ್ರಲ್ಲ, ನೀವ್ಯಾವಾಗ ಹೋಗೋದು?" ಎಂದು ಕೇಳಿದಳು. ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದಳು. ಆ ಶನಿವಾರ ಇದನ್ನು ಎಲ್ಲರೆದುರು ಹೇಳಿದೆ.

ನಮ್ಮ ಜೊತೆ ಪ್ರಾರ್ಥನೆಗೆ ಬರುತ್ತಿದ್ದ ಮೇಷ್ಟ್ರು ಮಿಷನ್ ಶಾಲೆಯಲ್ಲಿ ಚರಿತ್ರೆ ಹೇಳಿ ನಿವೃತ್ತರಾದವರು. ಮಾಗಡಿ ರಸ್ತೆಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಅವರು ನಗಲಿಲ್ಲ. "ಆಯಮ್ಮ ಕೇಳಿದ್ದು ಸರಿಯಾಗೇ ಇದೆ ತಾಯಿ. ಈ ನಂಬಿಕೆ ಯಾವ ದಾರೀಲಿ ನಡ್ಕೊಂಡು ನಮ್ಮನೆ ಬಾಗಿಲಿಗೆ ಬಂತು ಅಂತ ನಮಗೇ ಗೊತ್ತಿಲ್ಲ. ರೋಮಿಂದ ಶುರು ಮಾಡೋಣ. ಎಲ್ಲೆಲ್ಲಿ ದೇವರ ಕೈ ಇತ್ತು, ಎಲ್ಲೆಲ್ಲಿ ಬರೀ ದೊರೆಗಳ ಕೈ ಇತ್ತು ಅಂತ ಬಿಡಿಸಿ ನೋಡೋಣ" ಎಂದರು.

ಹಾಗೆ ಶುರುವಾಯಿತು. ಸಿಂಹದ ಬಾಯಿಗೆ ಬಿದ್ದ ಭಕ್ತರು, ಶಿಲುಬೆಯನ್ನು ಆಕಾಶದಲ್ಲಿ ಕಂಡ ಚಕ್ರವರ್ತಿ, ಮಠಗಳಲ್ಲಿ ಕೂತು ಗ್ರಂಥ ನಕಲು ಮಾಡಿದ ಸಂನ್ಯಾಸಿಗಳು, ಎಲ್ಲರೂ ನಮ್ಮ ಚಾಪೆಯ ಮೇಲೆ ಬಂದು ಹೋದರು. ಶಿಲುಬೆಯ ಹೆಸರಿನಲ್ಲಿ ನಡೆದ ಧರ್ಮಯುದ್ಧದ ಪಾಠದ ದಿನ ಮೇಷ್ಟ್ರು, "ಇಲ್ಲಿ ದೇವರ ಕೈ ನನಗೆ ಕಾಣಿಸ್ತಾ ಇಲ್ಲ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕಾಫಿ ಕೊಟ್ಟು, ಅಡಿಗೆಮನೆಯ ಬಾಗಿಲಿಗೆ ಒರಗಿ ಕೇಳುತ್ತಿದ್ದೆ. ಇಡೀ ಬೀದಿಯಲ್ಲಿ ಇಂಥ ಮನೆ ಇನ್ನೊಂದಿಲ್ಲ ಎಂಬ ಹೆಮ್ಮೆ ನನಗೆ.

ಅಷ್ಟರಲ್ಲಿ ಮೂಲೆಯ ಹೊಸ ಮನೆಗೆ ಒಂದು ಸಂಸಾರ ಬಂತು. ನಮ್ಮವರೇ, ಕ್ರೈಸ್ತರು. ಯಜಮಾನರು ಕಾರ್ಖಾನೆಯಲ್ಲಿ ಆಫೀಸರು, ಹೆಂಡತಿ ಮದರಾಸಿನಲ್ಲಿ ಕಾಲೇಜು ಓದಿದವಳು. ನನ್ನದೇ ವಯಸ್ಸು. ಮೊದಲ ಸಲ ನಮ್ಮಲ್ಲಿಗೆ ಬಂದಾಗ ಚಾಪೆಯ ಮೇಲೆ ಗಂಡಸರ ಸಾಲಿಗೆ ಸಮನಾಗಿ ಕೂತಳು. ಮೇಷ್ಟ್ರು ಏನೋ ಹೇಳುತ್ತಿದ್ದಾಗ ತಡೆದು, "ಸಾರ್, ಆ ಊರು ಸಮುದ್ರದ ಯಾವ ಕಡೆ ಬರುತ್ತೆ?" ಎಂದಳು. ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸಿ ತೋರಿಸಲು ಹೋಗಿ ಸೋತರು.

"ನಮ್ಮನೇಲಿ ಯೂರೋಪಿನ ಮ್ಯಾಪಿದೆ ಸಾರ್, ಬಟ್ಟೇದು, ದೊಡ್ಡದು. ಗೋಡೆಗೆ ಹೊಡೆದುಬಿಟ್ಟಿದೀವಿ, ಇಲ್ಲದಿದ್ರೆ ತರ್ತಿದ್ದೆ."

"ಹಾಗಾದ್ರೆ ಮುಂದಿನ ವಾರ ನಾವೇ ಮ್ಯಾಪಿನ ಹತ್ರ ಹೋಗೋಣ" ಎಂದರು ಮೇಷ್ಟ್ರು, ಮಕ್ಕಳ ಹಾಗೆ ಮುಖ ಅರಳಿಸಿ.

ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆ ಶನಿವಾರ ತಲೆನೋವೆಂದು ನಾನು ಹೋಗಲಿಲ್ಲ. ಗಂಡ ಹೋಗಿ ಬಂದು ಅಂಗಿ ಕಳಚುವ ಮೊದಲೇ ಶುರು ಮಾಡಿದರು. "ಎಂಥಾ ಮ್ಯಾಪು ಗೊತ್ತೇನೇ! ಇಂಗ್ಲೆಂಡು ಇಷ್ಟೇ ಇಷ್ಟು ಕಣೇ, ಅಂಗೈಯಗಲ. ಇಷ್ಟಿಟ್ಕೊಂಡು ನಮ್ಮನ್ನ ಆಳಿದ್ರು ನೋಡು! ಆಕೆ ಕೇಕ್ ಬೇರೆ ಮಾಡಿದ್ರು. ಮೆತ್ತಗಿತ್ತು."

"ನಾನು ಮಾಡಿದ ಕೋಡುಬಳೆ ಗಟ್ಟಿ ಇರ್ತಿತ್ತು ಅಂತ ಈಗ ಹೇಳಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೈಕಾಲು ತೊಳೆಯಲು ಹೋದರು.

ಮರುವಾರ ಹೋದೆ. ಹೋಗದೆ ಇರಲಾಗಲಿಲ್ಲ. ಮ್ಯಾಪು ಅವರು ಹೇಳಿದಷ್ಟೇ ದೊಡ್ಡದಿತ್ತು, ಅದೂ ಒಂದು ಸಂಕಟ. ಅಭ್ಯಾಸದ ಮೇಲೆ ಅಡಿಗೆಮನೆಗೆ ನುಗ್ಗಿದೆ. ಆಕೆ ನನ್ನ ಕೈ ಹಿಡಿದು, "ಅಯ್ಯೋ, ನೀವು ಕೂತ್ಕೊಳ್ಳಿ. ಇಲ್ಲಿ ನೀವು ಕೆಲಸ ಮಾಡೋ ಹಾಗಿಲ್ಲ" ಎಂದು ಕುರ್ಚಿಗೆ ಕರೆತಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕೈಗೆ ಕೆಲಸವಿಲ್ಲದೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತ ನನಗೆ, ಆಕೆ ಕಡ್ಡಿ ಹಿಡಿದು ಊರು ತೋರಿಸುವುದು, ಮೇಷ್ಟ್ರು "ಭೇಷ್" ಎನ್ನುವುದು, ನನ್ನ ಗಂಡ ಬಾಯಿ ತೆರೆದು ನೋಡುವುದು, ಒಂದೊಂದೂ ಕಣ್ಣಿಗೆ ಖಾರ ಬಿದ್ದಂತಾಯಿತು. ಪಾಠ ಏನಿತ್ತೋ ಒಂದಕ್ಷರ ಕಿವಿಗೆ ಹೋಗಲಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು, ಅವರೂ ಪ್ರಾರ್ಥನೆಗೆ ಬರುವವರು. ಮೂಲೆಮನೆಯ ತನಕ ನಡೆಯಲು ಮಂಡಿನೋವು ಎಂದರು. ನನಗೆ ಅಷ್ಟು ಸಾಕಾಯಿತು. "ಬಿಡಿ ಅಜ್ಜಿ, ಈ ಶನಿವಾರ ನಮ್ಮನೇಲೇ ಸೇರೋಣ" ಎಂದೆ. ಇನ್ನೆರಡು ಮನೆಗೂ ಹೋಗಿ ಹೇಳಿದೆ. ಮೂಲೆಮನೆಗೆ ಮಾತ್ರ ಹೇಳಲಿಲ್ಲ.

ಆ ಸಂಜೆ ಅರ್ಧ ಜನ ನಮ್ಮಲ್ಲಿಗೆ, ಅರ್ಧ ಜನ ಅಲ್ಲಿಗೆ. ಗಂಡ ಮುಖ ಗಂಟು ಹಾಕಿಕೊಂಡು ಜಗಲಿಯ ಮೇಲೆ ಕೂತರು, ಒಳಗೆ ಬರಲಿಲ್ಲ. ಮೇಷ್ಟ್ರು ದಾರಿಯಲ್ಲಿ ನಮ್ಮ ಮನೆಯ ದೀಪ, ಬಾಗಿಲ ಮುಂದಿನ ಚಪ್ಪಲಿ ನೋಡಿ ಸೈಕಲ್ಲಿಳಿದರು. ಒಳಗೆ ಬಂದು ಎಲ್ಲರನ್ನೂ ಕಣ್ಣಲ್ಲೇ ನೋಡಿದರು.

"ಮಿಕ್ಕವರು?"

"ಅವರು ಮ್ಯಾಪಿನ ಹತ್ರ ಇದಾರೆ" ಎಂದೆ.

ಬೈಯುತ್ತಾರೆಂದುಕೊಂಡೆ. ಅವರು ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಕೈಗಿಟ್ಟರು. "ಮುಂದಿನ ಪಾಠ ಒಂದೇ ಕಾಲಕ್ಕೆ ಇಬ್ಬರು ಪೋಪ್ ಇದ್ದಿದ್ದು. ನಾನು ಎರಡು ಮನೇಲಿ ಎರಡು ಸಲ ಹೇಳಕ್ಕಾಗಲ್ಲ ತಾಯಿ. ಬರೋ ಶನಿವಾರ ನೀವೇ ಹೇಳಿ. ಮೂಲೆಮನೇಲಿ, ಎಲ್ಲರ ಮುಂದೆ." ಅಂದು ಅಜ್ಜಿಯನ್ನು ತಾವೇ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವುದಾಗಿ ಹೇಳಿ ಪ್ರಾರ್ಥನೆ ಮುಗಿಸಿ ಹೊರಟರು.

ಪುಸ್ತಕ ಇಂಗ್ಲಿಷಿನದು. ನಾನು ಓದಿದ್ದು ಕನ್ನಡದಲ್ಲಿ ಲೋಯರ್ ಸೆಕೆಂಡರಿ ತನಕ. ಗಂಡ ಕೆಲಸದಿಂದ ಬಂದ ಮೇಲೆ ದಿನಾ ಒಂದಿಷ್ಟು ಓದಿ ಅರ್ಥ ಹೇಳಿದರು. ತಿಳಿಯದ ಮಾತು ಬಂದರೆ ಇಬ್ಬರೂ ಊಹಿಸುತ್ತಿದ್ದೆವು. "ಇಷ್ಟೆಲ್ಲ ಆಕೆ ಮೇಲಿನ ಹಟಕ್ಕೆ ತಾನೇ?" ಎಂದು ಅವರು ಒಮ್ಮೆ ಕೇಳಿದರು. "ಹೂಂ, ಹಟಕ್ಕೇ. ಮುಂದೆ ಓದಿ" ಎಂದೆ.

ಶನಿವಾರ ಆ ಮ್ಯಾಪಿನ ಮುಂದೆ ನಿಂತೆ. ಕಡ್ಡಿ ಕೈಗೆ ತೆಗೆದುಕೊಳ್ಳಲಿಲ್ಲ. ನನಗೆ ತಿಳಿದ ರೀತಿಯಲ್ಲಿ ಹೇಳಿದೆ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ, ರೋಮಿನಲ್ಲೊಬ್ಬ ಪೋಪ್, ಫ್ರಾನ್ಸಿನ ಕಡೆ ಆವಿನ್ಯೋನಿನಲ್ಲೊಬ್ಬ. ಮೊದಲನೆಯವನನ್ನು ಆರಿಸಿದವರೇ ಅವನ ಮೇಲೆ ಮುನಿದು ಎರಡನೆಯವನನ್ನು ಕೂರಿಸಿದರು. ಇವನು ಅವನಿಗೆ ಶಾಪ ಹಾಕುವುದು, ಅವನು ಇವನಿಗೆ. ಫ್ರಾನ್ಸಿನ ರಾಜ ಒಂದು ಕಡೆ, ಇಂಗ್ಲೆಂಡಿನ ರಾಜ ಇನ್ನೊಂದು ಕಡೆ. ರಾಜಿ ಮಾಡಿಸಲು ಹೋದವರು ಮೂರನೆಯವನನ್ನು ಹುಟ್ಟಿಸಿದರು. ಎಲ್ಲರೂ ನಕ್ಕರು. ಯಾರ ಆಶೀರ್ವಾದ ಸಾಚಾ ಎಂದು ತಿಳಿಯದೆ ಬಡವರು ದೀಕ್ಷಾಸ್ನಾನಕ್ಕೆ ಮಗುವನ್ನೆತ್ತಿಕೊಂಡು ನಿಂತಿರಬೇಕಲ್ಲ, ಎಂದೆ. ಆಗ ನಗು ನಿಂತಿತು. ಕೊನೆಗೆ ಕೆರೆಯ ದಡದ ಒಂದು ಊರಿನಲ್ಲಿ ಎಲ್ಲರೂ ಸಭೆ ಸೇರಿ ಹಳಬರನ್ನು ಇಳಿಸಿ ಹೊಸಬನೊಬ್ಬನನ್ನು ಆರಿಸಿದ್ದನ್ನು ಹೇಳಿದೆ.

"ಇಬ್ಬರಿಗೂ ಕುರ್ಚಿ ಬೇಕಾಗಿತ್ತು. ದೇವರ ಕೈ ಆ ಜಗಳದಲ್ಲಿರಲಿಲ್ಲ" ಎಂದು ಮುಗಿಸಿದೆ. ನನ್ನ ಮಾತು ನನಗೇ ತಾಗಿತು. ಅಜ್ಜಿ ಸುಮ್ಮನಿರದೆ, "ಸರಿಯಾಗ್ ಹೇಳ್ದೆ ಕಣವ್ವಾ" ಎಂದು ನನ್ನನ್ನೂ ಮೂಲೆಮನೆಯಾಕೆಯನ್ನೂ ಒಂದೊಂದು ಸಲ ನೋಡಿದರು.

ಕಾಫಿ ಹೊತ್ತಿಗೆ ಆಕೆ ನನ್ನನ್ನು ಅಡಿಗೆಮನೆಗೆ ಕರೆದಳು. "ಬನ್ರೀ, ಲೋಟ ಜೋಡಿಸಿಕೊಡಿ" ಎಂದಳು. ಜೋಡಿಸಿದೆ. ಹಾಲು ಉಕ್ಕುವುದನ್ನೇ ನೋಡುತ್ತಾ ಆಕೆ, "ಕಾಲೇಜಲ್ಲಿ ಇದೇ ಪಾಠಕ್ಕೆ ಪರೀಕ್ಷೆ ಬರ್ದಿದೀನಿ. ಯಾವತ್ತೂ ಆ ಮಗೂನ ಎತ್ಕೊಂಡೋರ ಯೋಚನೆ ಬರ್ಲಿಲ್ಲ. ಒಂಚೂರು ಹೊಟ್ಟೆ ಉರೀತು ರೀ" ಎಂದಳು.

ನಾನು ದೊಡ್ಡ ಮನಸ್ಸು ಮಾಡಿ ಏನಾದರೂ ಹೇಳಬಹುದಿತ್ತು. ಅದೆಲ್ಲ ಆಗಲಿಲ್ಲ. ಸಂತೋಷವಾಯಿತು. ಆ ವಾರವೆಲ್ಲ ಅದೇ ಸಂತೋಷದಲ್ಲಿ ಮನೆಗೆಲಸ ಮಾಡಿದೆ.

ಮುಂದೆ ಮೇಷ್ಟ್ರು ನಮ್ಮಿಬ್ಬರಿಗೂ ಸರದಿಯ ಮೇಲೆ ಪಾಠ ಕೊಡತೊಡಗಿದರು. ಚರ್ಚಿನ ಬಾಗಿಲಿಗೆ ತನ್ನ ವಾದಗಳನ್ನು ಮೊಳೆ ಹೊಡೆದನೆನ್ನುವ ಜರ್ಮನ್ ಸಂನ್ಯಾಸಿಯ ಪಾಠ ಆಕೆಯ ಪಾಲಿಗೆ ಹೋದಾಗ ನಾನು ರಾತ್ರಿ ಊಟ ಬಿಟ್ಟೆ. ಆಕೆ ಚೆನ್ನಾಗಿಯೇ ಹೇಳಿದಳು. ನಾವು ಗೆಳತಿಯರಾದೆವು ಎನ್ನಲಾರೆ. ಆದರೆ ಆಕೆಯ ಮುಂದೆ ಹೇಳಬೇಕೆಂದೇ ನಾನು ಓದಿದ್ದು, ಗಂಡನ ಸಹಾಯವಿಲ್ಲದೆ ಇಂಗ್ಲಿಷು ಬಿಡಿಸಿಕೊಂಡದ್ದು.

ಮೂಲೆಮನೆಯವರಿಗೆ ಭದ್ರಾವತಿಗೆ ವರ್ಗವಾಯಿತು. ಲಾರಿಗೆ ಸಾಮಾನು ತುಂಬುವಾಗ ಆಕೆ ಮ್ಯಾಪನ್ನು ಸುತ್ತಿ ಮೇಷ್ಟ್ರ ಕೈಗೆ ಕೊಟ್ಟಳು. ನನಗೆ ಕೊಡಬಹುದೆಂದು ಒಳಗೊಳಗೇ ಕಾದಿದ್ದೆ. "ಬಿಡದೆ ಓದಿ" ಎಂದಷ್ಟೇ ನನಗೆ ಹೇಳಿ ಹತ್ತಿಕೊಂಡಳು.

ಪಾಠ ಮತ್ತೆ ನಮ್ಮ ನಡುಮನೆಗೆ ಬಂತು. ಎದುರಾಳಿ ಯಾರೂ ಇಲ್ಲ. ಮೇಷ್ಟ್ರು "ಭೇಷ್" ಎಂದರೂ ಸಪ್ಪೆ. ಮೂಲೆಮನೆಗೆ ಬ್ಯಾಂಕಿನ ಗುಮಾಸ್ತರೊಬ್ಬರು ಬಂದರು, ಹಿಂದೂಗಳು. ಅವರ ಹೆಂಡತಿ ತೀರ ಚಿಕ್ಕವಳು. "ಶನಿವಾರ ಏನೋ ಕಥೆ ಹೇಳ್ತೀರಂತಲ್ಲಕ್ಕಾ, ನಾನೂ ಬರಬಹುದಾ?" ಎಂದಳು. ನಾನೇ ಕರೆತಂದೆ.

ಅಂದು ಫ್ರಾನ್ಸಿನ ಕ್ರಾಂತಿಯ ಪಾಠ, ಹೇಳುತ್ತಿದ್ದವಳು ನಾನು. ಅವಳು ಬಾಗಿಲ ಹತ್ತಿರ ಕೂತು ಕೊನೆಯ ತನಕ ಕೇಳಿದಳು. ಮುಗಿದ ಮೇಲೆ ಮೆಲ್ಲಗೆ, "ಇಷ್ಟು ಹೊತ್ತು ರಾಜರು, ಗುರುಗಳು, ಸಿಪಾಯಿಗಳು ಬಂದ್ರು. ಆ ಊರುಗಳಲ್ಲಿ ಹೆಂಗಸರು ಏನ್ ಮಾಡ್ತಿದ್ರಕ್ಕಾ?" ಎಂದಳು.

ಮೇಷ್ಟ್ರು ಕನ್ನಡಕ ತೆಗೆದರು. ಆಮೇಲೆ, "ನಾನು ಇಷ್ಟು ವರ್ಷ ಓದಿದ್ರಲ್ಲಿ ಅದನ್ನ ಹುಡುಕ್ಲೇ ಇಲ್ಲಮ್ಮಾ" ಎಂದು ಅವಳ ಕಡೆ ನೋಡಿದರು. ಅಂಥ ನೋಟ ನನಗೆ ಯಾವತ್ತೂ ಸಿಕ್ಕಿರಲಿಲ್ಲ.

ನಾನು ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದೆ. ಇಷ್ಟು ಶನಿವಾರ ಇದೇ ಬಾಗಿಲಿಗೆ ಒರಗಿ ಕೇಳಿದವಳು ನಾನು, ಆ ಪ್ರಶ್ನೆ ನನಗ್ಯಾಕೆ ಹೊಳೆಯಲಿಲ್ಲ ಎಂದು ಲೋಟಗಳನ್ನು ಗಸಗಸ ತಿಕ್ಕತೊಡಗಿದೆ.