ಕ್ಲಚ್ ಪೆಡಲ್ ಯಾರ ಕಾಲಿಗೆ

ನನ್ನ ಹೆಂಡತಿ ಕಾರು ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ನನ್ನ ಗೊಣಗಾಟವನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು. ರಾಮನಗರದ ನಮ್ಮ ಮನೆಯಿಂದ ಕನಕಪುರ ದಾಟಿ ಉಯ್ಯಂಬಳ್ಳಿಯ ತವರಿಗೆ ಒಬ್ಬಳೇ ಹೋಗಿಬರಬೇಕು ಅನ್ನುವುದು ಅವಳ ಆಸೆ. ಅಲ್ಲಿ ತಮ್ಮನ ಸಂಸಾರದ ಜೊತೆ ಅವಳ ಅವ್ವ ಇದ್ದಾರೆ. ಎರಡು ಬಸ್ಸು ಬದಲಿಸಿ ಹೋಗಿ ಮುಟ್ಟುವಷ್ಟರಲ್ಲಿ ವಾಪಸು ಹೊರಡುವ ಹೊತ್ತಾಗುತ್ತಿತ್ತು. ನಾನು ಕರೆದುಕೊಂಡು ಹೋದರೆ ಕಾಫಿ ಕುಡಿದ ತಕ್ಷಣ ಗಡಿಯಾರ ನೋಡಲು ಶುರುಮಾಡುತ್ತೇನೆ. ಅವಳಿಗೆ ಸಂಜೆವರೆಗೆ ಜಗಲಿಯಲ್ಲಿ ಕೂತು ಅವ್ವನ ತಲೆ ಬಾಚಬೇಕು.

ಕಲಿತಳು. ನನಗಿಂತ ನಾಜೂಕಾಗಿ ಓಡಿಸುತ್ತಾಳೆ ಅಂತ ಒಪ್ಪಿಕೊಳ್ಳುವುದಕ್ಕೆ ಆಗ ನನಗೆ ಬಾಯಿ ಬರಲಿಲ್ಲ. ಎರಡೇ ತೊಡಕು. ಒಂದು, ಅವಳು ಕುಳ್ಳಿ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೂ ಕ್ಲಚ್ಚನ್ನು ಬೆರಳ ತುದಿಯಲ್ಲೇ ಒತ್ತಬೇಕು. ಇನ್ನೊಂದು, ಚಪ್ಪಲಿ ಬಿಟ್ಟೇ ಕಾರು ಹತ್ತುತ್ತಾಳೆ. ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಇಟ್ಟು ಕೈಮುಗಿದ ಗಾಡಿಯನ್ನು ಮೆಟ್ಟು ಹಾಕಿಕೊಂಡು ತುಳಿಯುವುದು ಹೇಗೆ ಅಂತ ಅವಳ ಪ್ರಶ್ನೆ. ನಾನು ಬೂಟು ಹಾಕಿಕೊಂಡೇ ಓಡಿಸುವವನು. ದೇವಸ್ಥಾನಕ್ಕೆ ನಾಲ್ಕು ಚಕ್ರ ಇರುವುದನ್ನು ನಮ್ಮನೆಯಲ್ಲೇ ನೋಡಿದ್ದು ಅಂತ ರೇಗಿಸುತ್ತಿದ್ದೆ. ಅವಳು ನಕ್ಕು ಚಪ್ಪಲಿಯನ್ನು ಹಿಂದಿನ ಸೀಟಿನ ಕೆಳಗೆ ತಳ್ಳುತ್ತಿದ್ದಳು.

ಒಂದು ದಿನ ಕೇಳಿದಳು. "ಆ ಕ್ಲಚ್ಚು ಒಸಿ ಹತ್ರಕ್ಕೆ ಬರಂಗೆ ಮಾಡ್ಸಿಕೊಡಿ. ಇನ್ನೇನೂ ಬ್ಯಾಡ."

ಚನ್ನಪಟ್ಟಣದಲ್ಲಿ ಹೆದ್ದಾರಿ ಪಕ್ಕ ಕಾರಿನ ಬಿಡಿಭಾಗ, ಅಲಂಕಾರದ ಸಾಮಾನು ಮಾರುವ ಅಂಗಡಿಯೊಂದಿದೆ. ಅಲ್ಲಿಗೆ ಹೋದೆ. ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಬಗೆಯ ಪೆಡಲು ಇಟ್ಟ. ಒಂದು ಮಾಮೂಲಿ ರಬ್ಬರಿನದು. ಇನ್ನೊಂದು, ಇರುವ ಪೆಡಲಿನ ಮೇಲೆ ಬೋಲ್ಟ್ ಹಾಕಿ ಕೂರಿಸುವ, ಎರಡು ಬೆರಳು ದಪ್ಪದ ರಬ್ಬರ್ ಅಚ್ಚು. ನೋಡುವುದಕ್ಕೆ ಹಳೇ ಮಣೆಯ ತುಂಡಿನ ಹಾಗಿತ್ತು. ಮೂರನೆಯದು ಫಳಫಳ ಹೊಳೆಯುವ ಅಲ್ಯೂಮಿನಿಯಂ, ರೇಸ್ ಕಾರಿನಲ್ಲಿ ಹಾಕುವಂಥದ್ದಂತೆ. ಆಮೇಲೆ ಅವನು ಕೇಳಬೇಕಾದ್ದನ್ನೇ ಕೇಳಿದ. "ಗಾಡಿ ಓಡ್ಸೋರು ಯಾರು ಸಾರ್?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಂಡಸರು ನಿಂತಿದ್ದರು. ಹೆಂಡತಿ ಓಡಿಸುತ್ತಾಳೆ, ಅವಳಿಗೆ ಕಾಲು ಎಟುಕುವುದಿಲ್ಲ ಅನ್ನುವುದಕ್ಕೆ ನನಗೆ ನಾಚಿಕೆಯಾಯಿತು. "ನಾನೇ" ಅಂದೆ.

ಅವನು ನನ್ನ ಉದ್ದ ನೋಡಿ ದಪ್ಪನೆಯ ಅಚ್ಚನ್ನು ಡಬ್ಬಿಗೆ ವಾಪಸು ಹಾಕಿಬಿಟ್ಟ. ನಿಮಗೆ ಇದು ಬೇಡ, ಅಲ್ಯೂಮಿನಿಯಂ ಹಾಕಿಸಿ, ಬೂಟಿಗೆ ಒಳ್ಳೇ ಹಿಡಿತ ಅಂದ. ನಾನೂ ಅದನ್ನೇ ಹಾಕಿಸಿ ಬೂಟುಗಾಲಿನಲ್ಲಿ ಒತ್ತಿ ನೋಡಿದೆ. ಚೆನ್ನಾಗಿತ್ತು. ತಗಡಿನ ದಪ್ಪದಷ್ಟಾದರೂ ಹತ್ತಿರ ಬರುತ್ತದಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆಗೆ ಬಂದು, ನಿನಗೋಸ್ಕರವೇ ಆರಿಸಿದ್ದು ಅಂತ ಬೇರೆ ಹೇಳಿದೆ. ಅವಳು ಬಗ್ಗಿ ಅದನ್ನು ಸೆರಗಿನಲ್ಲಿ ಒರೆಸಿದಳು.

ಆಮೇಲೆ ಮೂರು ಸಲ ಉಯ್ಯಂಬಳ್ಳಿಗೆ ಹೋಗಿಬಂದಳು. ಕಾಲು ಜಾರುತ್ತೆ ಅಂತ ಒಮ್ಮೆ ಅಂದಳು. ಅಭ್ಯಾಸವಾಗುತ್ತೆ ಬಿಡು ಅಂದೆ. ನಾಲ್ಕನೇ ಸಲ ತವರಲ್ಲೇ ಉಳಿದು ಬೆಳಿಗ್ಗೆ ಹೊರಟಳು. ಅಂಗಳಕ್ಕೆ ಆಗಷ್ಟೇ ನೀರು ಹಾಕಿದ್ದರು. ಒದ್ದೆ ಬರಿಗಾಲಿನಲ್ಲಿ ಹತ್ತಿ, ಗಾಡಿ ಸ್ಟಾರ್ಟ್ ಮಾಡಿ, ಮೊದಲನೇ ಗೇರು ಹಾಕಿದಳು. ಅವ್ವ ಕೊಡಲು ಮರೆತಿದ್ದ ಹುಣಸೆಹಣ್ಣಿನ ಗಂಟು ಹಿಡಿದು ಗಾಡಿಯ ಮುಂದೆಯೇ ಬಂದರು. ಕ್ಲಚ್ಚಿನ ಮೇಲಿದ್ದ ಕಾಲು ಜಾರಿತು. ಗಾಡಿ ಎಗರಿ, ಆಫ್ ಆಗಿ ನಿಂತಿತು. ಅವ್ವನ ಸೀರೆಯ ನಿರಿಗೆ ಬಂಪರಿಗೆ ತಾಗಿತ್ತು. ಅವರಿಗೆ ಏನೂ ಆಗಲಿಲ್ಲ, ಕೈಯಲ್ಲಿದ್ದ ಗಂಟು ಬಿತ್ತು ಅಷ್ಟೇ. ಸ್ಟೇರಿಂಗ್ ಹಿಡಿದಿದ್ದ ಇವಳ ಕೈ ಬಿಡಿಸಲು ತಮ್ಮ ಬರಬೇಕಾಯಿತಂತೆ.

ನಾನು ಬಸ್ಸಿನಲ್ಲಿ ಹೋಗಿ ಕಾರು ತಂದೆ. ಅವಳು ಪಕ್ಕದ ಸೀಟಿನಲ್ಲಿ ಹುಣಸೆಹಣ್ಣಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತು ಬಂದಳು. ಮಾರನೇ ದಿನವೇ ಕಾರು ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದೆ. ಓಡಿಸುವುದು ಹೆಂಡತಿ, ಬರಿಗಾಲು, ಇಷ್ಟು ಎತ್ತರ ಅಂತ ನನ್ನ ಎದೆಮಟ್ಟಕ್ಕೆ ಕೈ ಹಿಡಿದು ತೋರಿಸಿದೆ. ಮೊದಲೇ ಹೇಳಬಾರದಾ ಸಾರ್ ಅಂದು ಅಂಗಡಿಯವನು ಆ ದಪ್ಪ ರಬ್ಬರು ಕೂರಿಸಿಕೊಟ್ಟ. ಅರ್ಧ ಗಂಟೆಯ ಕೆಲಸ. ಅಂಗಡಿಯಲ್ಲಿ ಅವತ್ತೂ ಜನ ಇದ್ದರು, ಯಾರೂ ತಲೆಯೆತ್ತಿ ನೋಡಲಿಲ್ಲ. ಇಷ್ಟಕ್ಕೆ ಹೆದರಿದೆನಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಗೆ ಬಂದು ಅವಳನ್ನು ಸೀಟಿನಲ್ಲಿ ಕೂರಿಸಿದೆ. ಪೂರ್ತಿ ಪಾದ ಊರಿ ಮೂರು ಸಲ ಒತ್ತಿದಳು. ಚೆನ್ನಾಗೈತೆ ಅಂದಳು. ಇಳಿದು ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿದಳು. ಎಷ್ಟು ಪುಸಲಾಯಿಸಿದರೂ ಮತ್ತೆ ಅಲ್ಲಿ ಕೂರಲಿಲ್ಲ.

ಈಗ ಎರಡು ಬಸ್ಸು ಬದಲಿಸಿಯೇ ಹೋಗುತ್ತಾಳೆ. ನಾನು ಬಿಡುತ್ತೇನೆ ಅಂದರೆ, ನಿಮಗ್ಯಾಕೆ ತೊಂದರೆ ಅನ್ನುತ್ತಾಳೆ. ಅಂಗಡಿಯಲ್ಲಿ ನಾನು ಏನು ಹೇಳಿದೆ ಅನ್ನುವುದು ಅವಳಿಗೆ ಗೊತ್ತಿಲ್ಲ. ಹೇಳಿಬಿಡೋಣ ಅಂತ ಎಷ್ಟೋ ಸಲ ಬಾಯಿ ತೆರೆದು, ಸಾರು ಏನು ಅಂತ ಕೇಳಿದ್ದೇನೆ. ಕಳೆದ ವಾರ ಅವಳು ಅಡುಗೆಮನೆಯಲ್ಲಿ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇನ್ನೂ ಯಾಕೆ ಕಾರು ಮುಟ್ಟುತ್ತಿಲ್ಲ ಅಂತ ಆ ಕಡೆಯಿಂದ ಕೇಳಿರಬೇಕು.

"ಪಾಪ, ಅವ್ರು ನಂಗೋಸ್ಕರ ಒಳ್ಳೇದೇ ಹುಡ್ಕಿ ತಂದಿದ್ರು ಕಣವ್ವ," ಅಂದಳು. "ನನ್ ಕಾಲೇ ಸರಿ ಇಲ್ಲ."

ನಾನು ಹಜಾರದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಎದ್ದು ಹೋಗಲಿಲ್ಲ.