ಶಿವದಾರದ ಗಂಟು

ಶರಣರೇ, ತಾಯಂದಿರೇ, ನನಗೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ. ಕಣ್ಣಿಗೆ ಪೊರೆ ಬಂದಿದೆ. ಸಾಲು ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

೧೯೫೮ನೆಯ ಇಸವಿಯಲ್ಲಿ, ಕಾರ್ತಿಕ ಮಾಸ ಕಳೆದ ಮೇಲೆ, ಅರವತ್ತೆರಡು ವರ್ಷ ನನ್ನ ಎದೆಯ ಮೇಲಿದ್ದ ಇಷ್ಟಲಿಂಗವನ್ನು ನಾನು ಕಳೆದುಕೊಂಡೆ. ಕೂಸಾಗಿದ್ದಾಗ ಗುರುಗಳು ಬಂದು ಕಟ್ಟಿದ ಲಿಂಗ ಅದು. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ನಾನು ಒಂದು ತುತ್ತು ಉಂಡವನಲ್ಲ, ಒಂದು ಗುಟುಕು ನೀರು ಕುಡಿದವನಲ್ಲ. ಸತ್ತಾಗ ಅದೇ ಅಂಗೈಯಲ್ಲಿ ಅದನ್ನೇ ಇಟ್ಟು ಮಣ್ಣು ಮಾಡಬೇಕು. ಕಳೆದುಕೊಂಡವನ ಪಾಡೇನು ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಂಥವರನ್ನು ಕಂಡರೆ ಹೀಯಾಳಿಸುತ್ತಿದ್ದೆ ಎಂಬುದನ್ನೂ ಬರೆಯಲೇಬೇಕು.

ನಾನು ಶಿಕಾರಿಪುರದ ದರ್ಜಿ. ಆ ವರ್ಷ ಬೇಸಿಗೆಯಲ್ಲಿ ಸೂಜಿಯ ಕಣ್ಣು ಕಾಣದಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ದೀಪ ಹಿಡಿದು ನೋಡಿ, "ಪೊರೆ ಇನ್ನೂ ಬಲಿತಿಲ್ಲ. ಪೂರ್ತಿ ಮುಚ್ಚಲಿ, ಆಮೇಲೆ ತೆಗೆಯೋಣ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಲೆಕ್ಕ ಹಾಕಿದೆ. ನಲವತ್ತು ವರ್ಷ ಹೊಲಿಗೆ ಮಿಶನ್ನು ತುಳಿದಿದ್ದೆ, ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಕಣ್ಣು ಮುಚ್ಚುವ ಮೊದಲು ತುಳಿದರೆ ಮುಂದೆ ಹೋಗುವಂಥದ್ದನ್ನು ತುಳಿಯಬೇಕು ಎನಿಸಿತು. ಕುಮುದ್ವತಿ, ದಂಡಾವತಿ, ವರದೆ, ಈ ಮೂರು ಹೊಳೆಯಲ್ಲಿ ಮಿಂದು, ವರದೆಯ ದಡ ಹಿಡಿದು ಅದು ತುಂಗಭದ್ರೆಗೆ ಸೇರುವ ತನಕ ಸೈಕಲ್ಲಿನಲ್ಲಿ ಒಬ್ಬನೇ ಹೋಗಿ ಬರುವುದು ಎಂದು ನಿಶ್ಚಯಿಸಿದೆ.

ನನ್ನ ಹೆಂಡತಿ ಗೌರಮ್ಮ ಹಣೆ ಚಚ್ಚಿಕೊಂಡಳು. "ಈ ವಯಸ್ಸಿನಾಗೆ ಸೈಕಲ್ಲೇರಿ ಹೊಳಿ ಹೊಳಿ ತಿರಗ್ತೀರೇನ್ರಿ? ಊರ ಮಂದಿ ನಗ್ತಾರ."

"ನಗ್ಲಿ ಬಿಡು. ಅವರೆಲ್ಲರ ಹೊಟ್ಟಿ ಸುತ್ತಳತಿ ನಂಗೊತ್ತೈತಿ" ಎಂದೆ.

ಹೊರಡುವ ದಿನ ಅವಳು ನನ್ನ ಕೊರಳಿಗೆ ಕೈ ಹಾಕಿ ಲಿಂಗ ಕಟ್ಟಿದ ಶಿವದಾರ ಎಳೆದು ನೋಡಿದಳು. "ಊರಿಗೆಲ್ಲಾ ದಾರ ಹಾಕ್ತೀರಿ, ಇದನ್ನ ನೋಡ್ರಿ, ಎಳಿ ಬಿಟ್ಟೈತಿ. ಬದಲಿ ಮಾಡ್ಕೊಂಡ ಹೋಗ್ರಿ." ಬಂದ ಮೇಲೆ ನೋಡೋಣ ಎಂದೆ. ದಾರಿಯಲ್ಲಿ ಕಳ್ಳರ ಭಯವೆಂದು ಲಿಂಗವಿಡುವ ಬೆಳ್ಳಿಯ ಕರಡಿಗೆಯನ್ನು ಅವಳ ಕೈಗೇ ಕೊಟ್ಟು, ಲಿಂಗಕ್ಕೆ ರೇಷ್ಮೆಯ ಪುಟ್ಟ ಚೀಲ ಹೊಲಿದು, ಅದೇ ಹಳೆಯ ದಾರಕ್ಕೆ ಕಟ್ಟಿಕೊಂಡೆ.

ಮೊದಲ ಮೂರು ದಿನ ಸುಖವಾಗಿತ್ತು. ಅಂಜನಾಪುರದ ಕಟ್ಟೆಯ ಕೆಳಗೆ ಕುಮುದ್ವತಿಯಲ್ಲಿ ಮಿಂದೆ. ಸೊರಬದಲ್ಲಿ ದಂಡಾವತಿಯಲ್ಲಿ ಮಿಂದೆ. ಗುಡವಿಯ ಕೆರೆಯಲ್ಲಿ ಹಕ್ಕಿಗಳು ನನ್ನ ಕಣ್ಣಿಗೆ ಬರೀ ಬಿಳಿ ಚುಕ್ಕೆಗಳಾಗಿ ಕಂಡವು, ಸದ್ದು ಮಾತ್ರ ಕಿವಿ ತುಂಬ ಕೇಳಿತು. ನಾಲ್ಕನೆಯ ದಿನ ಬೆಳಿಗ್ಗೆ ಪೂಜೆ, ಫಲಾಹಾರ ಮುಗಿಸಿ ಹೊರಟು ವರದೆಯ ಕಡವಿಗೆ ಬಂದೆ. ಅಲ್ಲಿ ಗುತ್ಯಪ್ಪ ಎಂಬ ಅಂಬಿಗ ದೋಣಿ ನಡೆಸುತ್ತಿದ್ದ. ನನ್ನಷ್ಟೇ ವಯಸ್ಸು. ದೋಣಿಯ ಪಕ್ಕದಲ್ಲಿ ಮೀನಿನ ಬಲೆ ಒಣಹಾಕಿದ್ದ.

"ಬೆವತು ಹೋಗೀರಲ್ಲ ಯಜಮಾನ್ರೇ, ಬೆಲ್ಲ ನೀರು ಕುಡೀರಿ" ಎಂದು ತಂಬಿಗೆ ಮುಂದೆ ಹಿಡಿದ.

ನಾನು ಎದೆಯ ಮೇಲಿನ ಚೀಲವನ್ನು ಬೆರಳಿನಿಂದ ತಟ್ಟಿ ತೋರಿಸಿದೆ. "ನೋಡಿದ್ಯಾ? ನಾನು ಲಿಂಗಧಾರಿ. ಮೀನು ಹಿಡಿಯೋರ ಕೈ ನೀರು ನಂಗೆ ನಡೆಯಲ್ಲ." ಅವನು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡು ಮರದ ಬುಡದಲ್ಲಿಟ್ಟ.

ಆಗಲೇ ನೋಡುತ್ತೇನೆ, ಸೈಕಲ್ಲಿನ ಹಿಂದಿನ ಗಾಲಿ ನೆಲಕ್ಕೆ ಕಚ್ಚಿತ್ತು. ಬಿಸಿಲಿಗೆ ಅಂಗಿ ಕಳಚಿಟ್ಟು ಟ್ಯೂಬು ಬಿಚ್ಚಿ ಹೊಳೆಯ ನೀರಿನಲ್ಲಿ ಅದ್ದಿದೆ. ಗುಳ್ಳೆ ಕಾಣದೆ ಕೆನ್ನೆ ಹತ್ತಿರ ಹಿಡಿದು ಗಾಳಿ ಎಲ್ಲಿ ಎಂದು ಹುಡುಕಿದೆ. ಗಾಳಿ ತುಂಬುವ ವಾಲಿನ ಬುಡದಲ್ಲೇ ಬಿಟ್ಟಿತ್ತು, ಪ್ಯಾಚು ನಿಲ್ಲುವ ಜಾಗವಲ್ಲ. ಆ ಒದ್ದೆ ಟ್ಯೂಬನ್ನು ಕೊರಳಿಗೆ ಹಾಕಿಕೊಂಡು, ತಂದಿದ್ದ ಇನ್ನೊಂದು ಟ್ಯೂಬು ಕೂರಿಸಿದೆ. ಕೈಯಲ್ಲಿದ್ದದ್ದನ್ನೆಲ್ಲ ಕೊರಳಿಗೆ ಹಾಕಿಕೊಳ್ಳುವುದು ದರ್ಜಿಯ ಚಾಳಿ. ಅಳತೆಯ ಟೇಪು ನಲವತ್ತು ವರ್ಷ ಅಲ್ಲೇ ನೇತಾಡಿದೆ. "ಹಳೇದು ಬ್ಯಾಡಾದ್ರೆ ಕೊಡ್ರಿ, ಹುಟ್ಟು ಬಿಗಿಯಾಕೆ ರಬ್ಬರ್ ಬೇಕಾಗಿತ್ತು" ಎಂದ ಗುತ್ಯಪ್ಪ. ಟೇಪು ತೆಗೆದ ಹಾಗೆ ಟ್ಯೂಬನ್ನು ತಲೆಯ ಮೇಲಿಂದ ಎಳೆದು, ಸುರುಳಿ ಸುತ್ತಿ, ಅವನ ಕಡೆ ಎಸೆದೆ. ಅಂಗಿ ತೊಟ್ಟು ದೋಣಿ ಹತ್ತಿ ಆಚೆ ದಡ ಸೇರಿದೆ.

ಅಲ್ಲಿಂದ ನಾಲ್ಕು ಮೈಲಿ ಹೋಗಿರಬೇಕು. ಭತ್ತದ ಗಾಡಿಗಳು ಓಡಾಡಿ ದಾರಿ ಕೊರಕಲು ಬಿದ್ದಿತ್ತು. ಕಣ್ಣಿಗೆ ಕಾಣದೆ ಸೈಕಲ್ ಸಮೇತ ಪಕ್ಕದ ಹಳ್ಳಕ್ಕೆ ಬಿದ್ದೆ. ಸೊಂಟದವರೆಗೆ ಕೆಸರು. ಎದ್ದು ಅಂಗಿ ಧೋತ್ರ ಜಾಲಿಸಿ, ಮೈ ತೊಳೆದು, ಮಧ್ಯಾಹ್ನದ ಪೂಜೆಗೆಂದು ಬದುವಿನ ಮೇಲೆ ಕುಳಿತು ಎದೆಗೆ ಕೈ ಹಾಕಿದೆ.

ಇರಲಿಲ್ಲ.

ಬೆನ್ನ ಕಡೆ ಸರಿದಿರಬೇಕೆಂದು ಬೆನ್ನು ತಡವಿದೆ. ಅಂಗಿ ಕೊಡವಿದೆ. ಆಮೇಲೆ ಕೂಗಿದೆನಂತೆ. ಕೊಯ್ಲಿನ ಜನ ಕುಡುಗೋಲು ಹಿಡಿದುಕೊಂಡೇ ಓಡಿ ಬಂದರು, ಹಾವು ಕಚ್ಚಿದೆ ಎಂದುಕೊಂಡು. ಹಾವೇ ಕಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು.

ಬಿದ್ದಾಗಲೋ ಬಟ್ಟೆ ಜಾಲಿಸುವಾಗಲೋ ದಾರ ಹರಿದು ಹಳ್ಳಕ್ಕೆ ಬಿದ್ದಿದೆ ಎಂದೇ ಎಲ್ಲರೂ ತಿಳಿದೆವು. ಪಾಪ, ಅವರೂ ಒಂದಿಷ್ಟು ಹೊತ್ತು ನನ್ನ ಜೊತೆ ಕೆಸರಿಗಿಳಿದರು. ಆಮೇಲೆ ಕೊಯ್ಲಿಗೆ ಮರಳಿದರು. ನಾನು ಒಬ್ಬನೇ ಉಳಿದೆ. ಮಿಶನ್ನಿನ ಕೆಳಗೆ ಬಿದ್ದ ಸೂಜಿಯನ್ನು ನೆಲ ಸವರಿ ಹುಡುಕುವ ಬೆರಳು ನನ್ನದು. ಆ ಬೆರಳಿನಿಂದ ಕೆಸರನ್ನು ಮುಷ್ಟಿ ಮುಷ್ಟಿಯಾಗಿ ಹಿಂಡಿ ನೋಡಿದೆ. ದುಂಡಗೆ ಗಟ್ಟಿಯಾಗಿ ಏನು ಸಿಕ್ಕರೂ ಇದೇ ಎಂದುಕೊಳ್ಳುತ್ತಿದ್ದೆ. ಎತ್ತಿ ಕಣ್ಣ ಹತ್ತಿರ ಹಿಡಿದರೆ ಬಸವನಹುಳುವಿನ ಚಿಪ್ಪು.

ಆ ಊರಿನ ಸಣ್ಣ ಮಠದ ಅಯ್ಯನವರು ಸಂಜೆ ಬಂದು ನನ್ನನ್ನು ಗುಡಿಯ ಜಗಲಿಗೆ ಕರೆದೊಯ್ದರು. ರೊಟ್ಟಿ ತಂದಿಟ್ಟರು. ಲಿಂಗವಿಲ್ಲದೆ ಹೇಗೆ ಉಣ್ಣಲಿ ಎಂದೆ. ಅವರು ಬಲವಂತ ಮಾಡಲಿಲ್ಲ. ಮರುದಿನ ಬೆಳಗಾಗುತ್ತಲೇ ಗುದ್ದಲಿ ಕೇಳಿ ಪಡೆದು, ಹಳ್ಳಕ್ಕೆ ಮಣ್ಣಿನ ಒಡ್ಡು ಹಾಕಿ, ನೀರು ಹೊರಳಿಸಿ, ತಳದ ಕೆಸರನ್ನೆಲ್ಲ ಧೋತ್ರದಲ್ಲಿ ಸೋಸಿದೆ. ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ಬಾಯಿ ಮುಕ್ಕಳಿಸಿ ಉಗುಳಿದೆ, ನುಂಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎತ್ತಿನ ಲಾಳವೊಂದು, ಒಡೆದ ಬಳೆಯೊಂದು ಸಿಕ್ಕವು. ಇಳಿಹೊತ್ತಿಗೆ ಒಡ್ಡು ಒಡೆದು ನೀರು ಮತ್ತೆ ತುಂಬಿಕೊಂಡಿತು. ನಾನು ಅದರ ನಡುವೆಯೇ ಕುಳಿತುಬಿಟ್ಟೆ.

ಶಿವನನ್ನು ಮೊದಲು ಬೇಡಿಕೊಂಡೆ. ಹರಕೆ ಹೊತ್ತೆ. ಆಮೇಲೆ ಬೈದೆ. ಅರವತ್ತೆರಡು ವರ್ಷದಲ್ಲಿ ಒಂದು ದಿನ ತಪ್ಪಿಸಿದ್ದೇನೆಯೇ, ಒಬ್ಬರ ಮನೆಯ ಮೈಲಿಗೆ ನೀರು ಕುಡಿದಿದ್ದೇನೆಯೇ ಎಂದು ಜಗಳವಾಡಿದೆ. ಬೈಯಲೂ ತ್ರಾಣ ಉಳಿಯದಿದ್ದಾಗ ನನಗೊಂದು ಯೋಚನೆ ಬಂದು ಅಳು ಉಕ್ಕಿತು. ನಾನು ಹಸಿದಿದ್ದೇನೆ ಸರಿ, ಅವನೂ ಎರಡು ದಿನದಿಂದ ಎಲ್ಲಿಯೋ ಕೆಸರಿನಲ್ಲಿ ನೀರಿಲ್ಲ, ಹೂವಿಲ್ಲ, ಯಾರ ಕಾಲ ಕೆಳಗೋ ಬಿದ್ದಿದ್ದಾನಲ್ಲ. "ತಂದೆ, ನನಗೆ ಸಿಗದಿದ್ದರೆ ಬೇಡ. ನೀನು ಎಲ್ಲಿದ್ದೀಯೋ ಅಲ್ಲಿ ಯಾರಾದರೂ ನಿನಗೆ ಒಂದು ಬೊಗಸೆ ನೀರು ಹಾಕಲಿ" ಎಂದೆ. ಬದುಕಿನಲ್ಲಿ ನಾನು ನನಗಲ್ಲದೆ ಬೇಡಿದ್ದು ಅದೊಂದೇ ಇರಬೇಕು. ಬೇಡಿದ ಮೇಲೆ ಸಮಾಧಾನವೇನೂ ಆಗಲಿಲ್ಲ. ಇನ್ನು ಸಿಗುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಯಿತು.

ಮೂರನೆಯ ದಿನ ಬೆಳಿಗ್ಗೆ ಅಯ್ಯನವರು ಹೇಳಿದರು: "ಹಟ ಸಾಕು ಯಜಮಾನ್ರೇ. ಊರಿಗೆ ಹೋಗಿ ನಿಮ್ಮ ಗುರುಗಳ ಕೈಲಿ ಬೇರೆ ಲಿಂಗ ಕಟ್ಟಿಸ್ಕಳಿ. ದೇವ್ರು ಒಬ್ನೇ ಅಲ್ವೇನ್ರಿ?" ಒಬ್ಬನೇ ಇರಬಹುದು. ಆದರೆ ಒಂದನ್ನು ಕಾಪಾಡಿಕೊಳ್ಳಲಾಗದವನ ಕೈಗೆ ಇನ್ನೊಂದನ್ನು ಯಾವ ಮುಖ ಹೊತ್ತು ಕೇಳಲಿ? ಗೌರಮ್ಮನಿಗೆ ಏನು ಹೇಳಲಿ? ಸೈಕಲ್ಲು ತುಳಿಯುವ ಶಕ್ತಿಯಿಲ್ಲದೆ ತಳ್ಳಿಕೊಂಡು ಕಡವಿನ ಕಡೆ ನಡೆದೆ. ಮುಚ್ಚಿಡುವುದಿಲ್ಲ, ದೋಣಿ ನಡು ಹೊಳೆಗೆ ಬಂದಾಗ ಕಾಲು ಆಚೆ ಇಟ್ಟರಾಯಿತು ಎಂಬ ಯೋಚನೆಯೂ ದಾರಿಯುದ್ದಕ್ಕೂ ನನ್ನ ಜೊತೆಗಿತ್ತು.

ದಡದಲ್ಲಿ ನಿಂತು "ದೋಣೀ" ಎಂದು ಕೂಗಬೇಕೆನ್ನುವಷ್ಟರಲ್ಲಿ ಆಚೆಯಿಂದ ಗುತ್ಯಪ್ಪನೇ ನನ್ನನ್ನು ಕಂಡು ಏನೋ ಕೂಗಿದ. ಹುಟ್ಟು ಹಾಕಿಕೊಂಡು ಒಬ್ಬನೇ ಬಿರಬಿರನೆ ಬಂದ. ದೋಣಿ ಮರಳಿಗೆ ತಾಗುವ ಮೊದಲೇ ಹೇಳಿದ.

"ಯಜಮಾನ್ರೇ, ನಿಮ್ ದೇವ್ರು ಆಚೆ ದಡದಾಗೆ ಐತೆ. ಹೆದರಬ್ಯಾಡ್ರಿ, ನಾನು ಕೈಲಿ ಮುಟ್ಟಿಲ್ಲ."

ನಾನು ಮರಳಿನ ಮೇಲೆ ಕುಸಿದೆ. ಅವನೇ ಸೈಕಲ್ಲನ್ನು ದೋಣಿಗೆ ಹಾಕಿದ. ನನ್ನನ್ನು ರಟ್ಟೆ ಹಿಡಿದು ಹತ್ತಿಸಿದ. ನಡು ಹೊಳೆ ಯಾವಾಗ ಬಂತು, ಯಾವಾಗ ಹೋಯಿತು, ನನಗೆ ಗೊತ್ತಾಗಲಿಲ್ಲ.

ಕಡವಿನ ಅತ್ತಿಮರದ ಕೊಂಬೆಗೆ ಒಂದು ಹೊಸ ಬಿದಿರಬುಟ್ಟಿ ನೇತುಹಾಕಿತ್ತು. ಅದರೊಳಗೆ ಮುತ್ತುಗದ ಎಲೆ ಹಾಸಿ, ಎಲೆಯ ಮೇಲೆ ತುಂಬೆ ಹೂವಿನ ರಾಶಿಯ ನಡುವೆ ನನ್ನ ರೇಷ್ಮೆಯ ಚೀಲವಿತ್ತು. ಚೀಲ ಒದ್ದೆಯಾಗಿತ್ತು. ಮರದ ಬುಡದಲ್ಲಿ ಆ ಹಾಳು ಟ್ಯೂಬು ಬಿದ್ದಿತ್ತು.

ನಾನು ಟ್ಯೂಬು ಎಳೆದಾಗ ಎಳೆ ಬಿಟ್ಟಿದ್ದ ದಾರ ಅದಕ್ಕೆ ಸಿಕ್ಕಿಕೊಂಡು ಹರಿದು, ಲಿಂಗ ಸುರುಳಿಯೊಳಗೇ ಸುತ್ತಿಕೊಂಡಿತ್ತು. ಮಧ್ಯಾಹ್ನ ಕತ್ತರಿಸಲು ಸುರುಳಿ ಬಿಚ್ಚಿದಾಗ ಗುತ್ಯಪ್ಪ ಕಂಡ. ಎದೆ ತಟ್ಟಿ ತೋರಿಸಿದ್ದೆನಲ್ಲ, ಯಾರದೆಂದು ಗೊತ್ತಾಯಿತು. ದೋಣಿ ದಾಟುವವರೆಲ್ಲರ ಕೈಯಲ್ಲಿ ಹೇಳಿ ಕಳಿಸಿದನಂತೆ. ಅವರೆಲ್ಲ ದೊಡ್ಡ ದಾರಿ ಹಿಡಿದು ಹೋದರು, ನಾನು ಹಳ್ಳದ ಕೆಸರಿನಲ್ಲಿದ್ದೆ.

"ಎಲೀಲಿ ಹಿಡಿದು ಎತ್ತಿಟ್ಟೆ. ದಿನಾ ಮುಂಜಾನೆ ಬೈಗು ಒಂದು ಬೊಗಸೆ ನೀರು ಬಿಟ್ಟು ಹೂವು ಏರಿಸೀನಿ. ಬಲೆ ಹೊಳೀಗೆ ಇಳಿಸಿಲ್ಲ" ಎಂದ.

"ಯಾವತ್ತಿಂದ ನೀರು ಬಿಟ್ಟೆ ಗುತ್ಯಪ್ಪಾ?"

"ಅವತ್ತೇ ಮಧ್ಯಾಹ್ನದಿಂದ."

ನಾನು ಬೇಡಿದ್ದು ಮರುದಿನ ಸಂಜೆ. ನಾನು ಬಾಯಿ ತೆರೆಯುವ ಮೊದಲೇ ಕೊಟ್ಟಾಗಿತ್ತು. ಮತ್ತು ಯಾವ ಕೈಯ ನೀರು ನನಗೆ ನಡೆಯುವುದಿಲ್ಲ ಎಂದಿದ್ದೆನೋ ಆ ಕೈಯಿಂದಲೇ ಶಿವ ಕೊಟ್ಟಿದ್ದ.

ಗುತ್ಯಪ್ಪನ ಮುಖವೂ ಬಾಡಿ ಹೋಗಿತ್ತು. ಮೈ ಚೆನ್ನಾಗಿಲ್ಲವೇ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. "ಉಂಡಿಲ್ರೀ. ನಿಮ್ ದೇವ್ರಿಗೆ ಏನು ಎಡೆ ಹಿಡೀಬೇಕು ಅಂತ ನಂಗೊತ್ತಿಲ್ಲ. ಅದನ್ನ ಉಪಾಸ ಕೆಡವಿ ನಾನು ಹೆಂಗೆ ಉಣ್ಲಿ? ಇನ್ನೊಂದು ತಪ್ಪಾಗೈತೆ, ದಾರ ಹರಿದಿತ್ತು, ಗಂಟು ಹಾಕೀನಿ. ಬಲೆ ಗಂಟು. ನಂಗೆ ಬರೋದು ಅದೊಂದೇ."

ಹೊಳೆಯಲ್ಲಿ ಮಿಂದು ಆ ಮರದ ಕೆಳಗೇ ಪೂಜೆಗೆ ಕುಳಿತೆ. ನೀರು ಅಂಗೈಗಿಂತ ತೊಡೆಯ ಮೇಲೇ ಹೆಚ್ಚು ಬಿತ್ತು. ಪೂಜೆ ಮುಗಿದ ಮೇಲೆ ಅವನನ್ನು ಕರೆದು ತೀರ್ಥ ಕೊಟ್ಟೆ. ಆಮೇಲೆ ಕೇಳಿದೆ:

"ಅವತ್ತಿನ ಬೆಲ್ಲ ನೀರು ಐತೇನಪ್ಪಾ?"

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ. ಆಮೇಲೆ ಓಡಿಹೋಗಿ ತಂಬಿಗೆ ತಂದ. ಮೊದಲು ನಾನು ಕುಡಿದೆ, ನಂತರ ಅವನು ಕುಡಿದ. ನಾವಿಬ್ಬರೂ ಮುದುಕರು ಮರಳಿನ ಮೇಲೆ ಕುಳಿತು ಅತ್ತೆವು.

ಸಂಗಮ ನೋಡಲಾಗಲಿಲ್ಲ. ಆನವಟ್ಟಿಯ ತನಕ ಅವನೇ ಒಂದು ಗಾಡಿ ಗೊತ್ತು ಮಾಡಿಕೊಟ್ಟ. ಅಲ್ಲಿಂದ ಬಸ್ಸಿನ ಮೇಲೆ ಸೈಕಲ್ಲು ಕಟ್ಟಿಸಿ ಊರಿಗೆ ಬಂದೆ. ಎಲ್ಲ ಕೇಳಿದ ಮೇಲೆ ಗೌರಮ್ಮ ಒಳಗೆ ಹೋಗಿ ಹೊಸ ಶಿವದಾರ ಹಿಡಿದುಕೊಂಡು ಬಂದಳು. ಹಳೆಯದಕ್ಕೆ ಅದನ್ನೂ ಸೇರಿಸಿ ಹೊಸೆದು ಗಟ್ಟಿ ಮಾಡಿಕೊಂಡೆ. ಆ ಗಂಟಿನ ಜಾಗವನ್ನು ಮಾತ್ರ ಮುಟ್ಟಗೊಡಲಿಲ್ಲ.

ಶರಣರೇ, ಶಿವನ ಕೃಪೆ ದೊಡ್ಡದು ಎಂದು ನಾನೂ ಎಲ್ಲರ ಹಾಗೆ ಹೇಳುತ್ತಿದ್ದೆ. ಎಷ್ಟು ದೊಡ್ಡದು ಎಂದು ಅಳೆದದ್ದು ಆ ಮೂರು ದಿನದಲ್ಲಿ. ಈಗ ಕಣ್ಣು ಇನ್ನಷ್ಟು ಮಸುಕಾಗಿದೆ. ಬೆಳಿಗ್ಗೆ ಪೂಜೆಗೆ ಕುಳಿತಾಗ ಲಿಂಗ ಕಾಣುವುದಿಲ್ಲ. ಕೊರಳಿಂದ ದಾರ ಹಿಡಿದು ಬೆರಳು ಕೆಳಗೆ ಜಾರಿಸುತ್ತೇನೆ, ಮೊದಲು ಆ ಗಂಟು ಸಿಗುತ್ತದೆ, ಅದರ ಕೆಳಗೆ ದೇವರು. ನಲವತ್ತು ವರ್ಷ ದಾರದ ಜೊತೆ ಬಾಳಿದ ನನಗೆ ಆ ಗಂಟನ್ನು ಬಿಚ್ಚಲು ಬರುವುದಿಲ್ಲ. ನನ್ನನ್ನು ಮಣ್ಣಿಗಿಡುವವರೂ ಅದನ್ನು ಬಿಚ್ಚಬಾರದೆಂದು ಗೌರಮ್ಮನಿಗೆ ಹೇಳಿಟ್ಟಿದ್ದೇನೆ.