ನನ್ನ ರೂಮಿನಲ್ಲೊಂದು ಇಂಗ್ಲೆಂಡು

ಠಣ್, ಠಣ್, ಠಣ್. ಸ್ಟೀಲ್ ತಟ್ಟೆಗೆ ಸೌಟಿನ ಪೆಟ್ಟು. ಬೆಳಗಿನ ಆರಕ್ಕೆ ಬಾರಿಸುತ್ತಿದ್ದವಳು ನಾನೇ. ಲಾಕ್‌ಡೌನಿನ ಆ ದಿನಗಳಲ್ಲಿ ಬ್ರೂಕ್‌ಫೀಲ್ಡಿನ ನಮ್ಮ ಫ್ಲ್ಯಾಟಿನಲ್ಲಿ ಒಂದು ವಾರ ಬೋರ್ಡಿಂಗ್ ಸ್ಕೂಲ್ ನಡೆದಿತ್ತು.

ಹನ್ನೆರಡು ವರ್ಷದ ಮೊಮ್ಮಗಳಿಗೆ ಇಂಗ್ಲೆಂಡಿನ ಬೋರ್ಡಿಂಗ್ ಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು. ಹಿಂದೆಯೇ ಕೊರೋನಾ ಬಂತು. ಕಳಿಸುವುದೋ ಬೇಡವೋ, ಮಗಳು ಅಳಿಯನದು ದಿನಕ್ಕೊಂದು ಮಾತು.

"ಮಮ್ಮಿ, ನೀನು ಕಾನ್ವೆಂಟ್ ಬೋರ್ಡಿಂಗಲ್ಲಿ ಬೆಳೆದೋಳು. ನೀನೇ ಹೇಳು, ಇವಳ ಕೈಲಿ ಆಗತ್ತಾ?" ಎಂದಳು ಮಗಳು.

"ಹೇಳೋದೇನು, ಟ್ರಯಲ್ ನೋಡೋಣ," ಎಂದೆ. ಮಗು ಫೇಲಾಗಲಿ, ಇಲ್ಲೇ ಇರಲಿ ಎಂಬುದು ನನ್ನ ಒಳಗಿನ ಆಸೆ.

ನನ್ನ ರೂಮಿನ ಬಾಗಿಲಿಂದ ಈಚೆ ಇಂಗ್ಲೆಂಡು, ಆಚೆ ಬೆಂಗಳೂರು. ಅಪ್ಪ ಅಮ್ಮನ ಮುಖ ನೋಡುವಂತಿಲ್ಲ. ಭಾನುವಾರ ಒಂದು ವಿಡಿಯೋ ಕಾಲ್, ಅಷ್ಟೇ.

ಮೊದಲ ದಿನ ಏಳುವ ಬೆಲ್ ಅಂತ ತಟ್ಟೆ ಬಾರಿಸಿದೆನೋ ಇಲ್ಲವೋ, ಎದುರು ಬ್ಲಾಕಿನ ಬಾಲ್ಕನಿಗೆ ಒಬ್ಬಾಕೆ ನೈಟಿಯಲ್ಲೇ ಓಡಿಬಂದು ತಾನೂ ತಟ್ಟೆ ಬಡಿಯತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬರು, ಜಾಗಟೆ ಸಮೇತ. ಡಾಕ್ಟರು ನರ್ಸುಗಳಿಗಾಗಿ ದೇಶವೆಲ್ಲ ತಟ್ಟೆ ಬಡಿದು ಕೆಲವೇ ವಾರವಾಗಿತ್ತು ನೋಡಿ.

"ಆಂಟಿ, ಇವತ್ತು ಯಾರಿಗೆ?"

"ನಮ್ಮ ಸ್ಟೂಡೆಂಟ್‌ಗೆ ಕಣಮ್ಮ."

ಮೊಮ್ಮಗಳು ಹಾಸಿಗೆಯಲ್ಲಿ ಉರುಳಾಡಿ ನಕ್ಕಳು. ಸ್ಟ್ರಿಕ್ಟ್ ಆಗಿರಲು ಹೋಗಿ ನಾನೂ ಹಲ್ಲುಸೆಟ್ಟು ಜಾರುವಷ್ಟು ನಕ್ಕೆ.

ಸಪ್ಪೆ ಓಟ್ಸ್ ಗಂಜಿ, ಎಂಟೂವರೆಗೆ ಲೈಟ್ಸ್ ಆಫ್, ಊಟಕ್ಕೆ ಕೂತಾಗ ಸೈಲೆನ್ಸ್, ಎಲ್ಲದರಲ್ಲೂ ಅವಳು ಪಾಸ್. ಕಾಟ ಕೊಟ್ಟವರು ಹೆತ್ತವರು. ಅಳಿಯ ಬಾಗಿಲಡಿಯ ಸಂದಿಯಿಂದ ಹಪ್ಪಳ ತೂರಿಸಿದ. ಮಗಳು ಚಾರ್ಜರ್ ಹುಡುಕುವ ನೆಪದಲ್ಲಿ ಮತ್ತೆ ಮತ್ತೆ ಇಣುಕಿದಳು.

"ಮೇಡಂ, ಇದು ವಿಸಿಟಿಂಗ್ ಅವರ್ಸ್ ಅಲ್ಲ," ಎಂದು ಮೊಮ್ಮಗಳೇ ಓಡಿಸಿದಳು.

ಭಾನುವಾರ ಕಾಲ್ ಬಂತು. "ನಾನ್ ಚೆನ್ನಾಗಿದೀನಮ್ಮ, ನೀನ್ ಅಳ್ಬೇಡ," ಎಂದಿತು ಮಗು. ಅಮ್ಮನ ಅಳು ಫೋನಿಗಿಂತ ಮೊದಲೇ ಗೋಡೆಯಾಚೆಯಿಂದ ಕೇಳಿಸಿತು. ಇನ್ನು ನಾನು ಸುಳ್ಳು ಹೇಳುವುದು ಹೇಗೆ? "ಶೀ ಈಸ್ ರೆಡಿ," ಎಂದೆ. ಇಂಗ್ಲಿಷಿನಲ್ಲಿ ಹೇಳಿದರೆ ಅಳು ಬರುವುದಿಲ್ಲ.

ವಿಮಾನ ಶುರುವಾದ ಮೇಲೆ ಅಪ್ಪನ ಜೊತೆ ಹೊರಟಳು. ನಮ್ಮನ್ನು ಏರ್‌ಪೋರ್ಟಿನ ಗೇಟಿನ ಹೊರಗೇ ನಿಲ್ಲಿಸಿದರು. ಮುಂದೆ ಯಾವಾಗಲೋ ರಜೆಗೆ ಬಂದವಳು ನನಗಿಂತ ಎತ್ತರದ, ಮೆಲ್ಲಗೆ ಮಾತಾಡುವ ಬೇರೆಯೇ ಹುಡುಗಿ. ನನ್ನ ಸ್ಟೂಡೆಂಟನ್ನು ಕೊನೆಯ ಸಲ ಕಂಡದ್ದು ಆ ಗೇಟಿನಲ್ಲಿ: ಫೇಸ್ ಶೀಲ್ಡ್ ಮಂಜಾಗಿ, ನಾನೆಂದುಕೊಂಡು ನನ್ನ ಪಕ್ಕದಲ್ಲಿ ಮಾಸ್ಕ್ ಹಾಕಿ ನಿಂತಿದ್ದ ಇನ್ಯಾರದೋ ಅಜ್ಜಿಗೆ ಎರಡೂ ಕೈಯೆತ್ತಿ ಟಾಟಾ ಮಾಡುತ್ತಿದ್ದಳು.